ಎರಡನೇ ಚಿತ್ರದ ಚುಕ್ಕಿ

ಇಪ್ಪತ್ತೆಂಟು ವರ್ಷ ನಾನು ಕಸ ತೆಗೆದವಳು. ಬೀದಿಯ ಕಸ ಅಂದುಕೊಳ್ಳಬೇಡಿ, ಚಿತ್ರದ ಕಸ. ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜು, ಒಂದು ಭೂತಗನ್ನಡಿ, ಒಂದು ಸಣ್ಣ ಕುಂಚ, ಒಂದು ಬ್ಲೇಡು. ಅಚ್ಚಿಗೆ ಹೋಗುವ ನೆಗೆಟಿವ್‌ಗಳೆಲ್ಲ ಮೊದಲು ನನ್ನ ಮೇಜಿಗೆ ಬರಬೇಕು. ಕೂದಲು, ಗೀರು, ಧೂಳಿನ ಕಣ, ಏನಿದ್ದರೂ ತೆಗೆದು ಕಳಿಸಬೇಕು. ಮದುಮಗಳ ಕೆನ್ನೆಯ ಮೇಲೆ ಧೂಳು ಯಾವುದು, ಹುಟ್ಟುಮಚ್ಚೆ ಯಾವುದು ಎಂದು ಒಂದೇ ನೋಟಕ್ಕೆ ಹೇಳುತ್ತಿದ್ದೆ. ಪ್ರೆಸ್ಸಿನವರು ನನ್ನನ್ನು ಹದ್ದಕ್ಕ ಎನ್ನುತ್ತಿದ್ದರು, ಅದೂ ಎದುರಿಗೇ. ನನಗೂ ಒಳಗೊಳಗೇ ಖುಷಿ. ಅಹಂಕಾರ ಅನ್ನುತ್ತೀರಾ? ಅನ್ನಿ. ಇತ್ತು.

ನನ್ನ ತಮ್ಮ ಊರಾಚೆಯ ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದ. ವಿಜ್ಞಾನಿಯೇನಲ್ಲ. ಗುಮ್ಮಟದ ಬಾಗಿಲು ತೆರೆಯುವವನು, ಚಕ್ರಗಳಿಗೆ ಗ್ರೀಸು ಹಚ್ಚುವವನು. ಮೂಲೆಗೆ ಬಿದ್ದಿದ್ದ ಹಳೆಯ ದೂರದರ್ಶಕವೊಂದನ್ನು ತಾನೇ ರಿಪೇರಿ ಮಾಡಿ, ನಿರ್ದೇಶಕರ ಕೈಕಾಲು ಹಿಡಿದು ಅನುಮತಿ ಪಡೆದು, ಒಂಬತ್ತು ವರ್ಷ ಒಂದೇ ನೀಹಾರಿಕೆಯ ಫೋಟೋ ತೆಗೆದ. ಒಂದೇ! ಆಕಾಶದಲ್ಲಿ ನಿನಗೆ ಬೇರೇನೂ ಸಿಗಲಿಲ್ಲವೇನೋ ಎಂದು ರೇಗುತ್ತಿದ್ದೆ. ಇಬ್ಬರಿಗೂ ಮದುವೆಯಾಗಿರಲಿಲ್ಲ, ಒಂದೇ ಮನೆ, ಒಂದೇ ಒಲೆ. ಊಟಕ್ಕೆ ಕೂತರೆ ಅವನದು ಅದೇ ಪುರಾಣ.

"ಅದು ಬರೀ ಹೊಗೆ ಥರ ಕಾಣುತ್ತೆ ಅಷ್ಟೇ ಅಕ್ಕ. ಒಳಗೆ ನಕ್ಷತ್ರ ಹುಟ್ತಾ ಇರ್ತವೆ. ಅನಿಲ, ಧೂಳು ಎಲ್ಲಾ ಒಂದ್ಕಡೆ ಸೇರಿ, ಬಿಗಿಯಾಗಿ, ಬಿಸಿಯೇರಿ, ಕೊನೆಗೊಂದು ದಿನ ಹತ್ಕೊಳ್ಳುತ್ತೆ. ಸುತ್ತ ಇರೋ ಮೋಡ ಹೊಳೆಯೋದೂ ಅವುಗಳ ಬೆಳಕಿಗೇ."

"ಧೂಳಿನ ಕಥೆ ನನಗೆ ಹೇಳ್ಬೇಡ ಕಣೋ, ಬೆಳಗ್ಗಿಂದ ಅದೇ ಆಗಿದೆ. ಊಟ ಆರ್ತಾ ಇದೆ, ತಿನ್ನು."

ಅವನು ನಕ್ಕು ತಿನ್ನುತ್ತಿದ್ದ.

ಒಂಬತ್ತನೇ ವರ್ಷ ವೀಕ್ಷಣಾಲಯದ ವಾರ್ಷಿಕ ಪುಸ್ತಕದಲ್ಲಿ ಅವನಿಗೆ ಒಂದು ಪುಟ ಸಿಕ್ಕಿತು. ಮೇಲೆ ನಾಲ್ಕು ಸಾಲು ಬರಹ, ಕೆಳಗೆ ಎರಡು ಚಿತ್ರ: ಅದೇ ನೀಹಾರಿಕೆ, ಮೊದಲನೇ ವರ್ಷದ್ದು ಎಡಕ್ಕೆ, ಈ ವರ್ಷದ್ದು ಬಲಕ್ಕೆ. ಪುಸ್ತಕ ಅಚ್ಚಾಗುವುದು ನಮ್ಮ ಪ್ರೆಸ್ಸಿನಲ್ಲೇ. ಬರಹ ಅಕ್ಷರ ಜೋಡಿಸುವವರ ಕೋಣೆಗೆ ಹೋಯಿತು, ನೆಗೆಟಿವ್‌ಗಳು ನನ್ನ ಕೋಣೆಗೆ ಬಂದವು. ಪ್ರತಿ ಮಾಡಿಸಿದರೆ ಮಸುಕಾಗುತ್ತದೆಂದು ಅವನು ಮೂಲವನ್ನೇ ಕೊಟ್ಟಿದ್ದ.

ಅವತ್ತು ಬೆಳಗ್ಗೆ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದೆಯೇ ಬಂದ.

"ಅಕ್ಕ, ಎರಡನೇ ಚಿತ್ರ ಇದೆಯಲ್ಲ, ಅದರಲ್ಲಿ ಒಂದು..."

"ಏನೋ, ನನಗೇ ಕೆಲಸ ಕಲಿಸ್ತೀಯಾ? ನೀನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗಿಂದ ಆ ಮೇಜಿನ ಮುಂದೆ ಕೂತಿದ್ದೀನಿ."

"ಹಂಗಲ್ಲ ಅಕ್ಕ..."

"ಬಸ್ಸು ಹೋಗುತ್ತೆ, ದಾರಿ ಬಿಡು."

ಬಿಟ್ಟ. ಪಾಪ, ಯಾವತ್ತು ತಾನೇ ನನ್ನೆದುರು ಪಟ್ಟು ಹಿಡಿದಿದ್ದ?

ಎರಡೂ ನೆಗೆಟಿವ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡೆ. ನಮ್ಮ ಕಸುಬಿನಲ್ಲಿ ಇದೊಂದು ಉಪಾಯ. ಒಂದೇ ವಸ್ತುವಿನ ಎರಡು ಚಿತ್ರವಿದ್ದರೆ ಹೋಲಿಸುವುದು. ಎರಡರಲ್ಲೂ ಇದ್ದದ್ದು ಅಸಲಿ, ಒಂದರಲ್ಲಿ ಮಾತ್ರ ಇದ್ದದ್ದು ಕಸ. ನೆಗೆಟಿವ್‌ನಲ್ಲಿ ಬೆಳಕೆಲ್ಲ ಕಪ್ಪಾಗಿ ಕಾಣುತ್ತದೆ, ನಕ್ಷತ್ರಗಳೂ ಕಪ್ಪು ಚುಕ್ಕಿಗಳೇ. ಇನ್ನೂರು ಚುಕ್ಕಿಗಳನ್ನು ಒಂದೊಂದಾಗಿ ಹೋಲಿಸಿದೆ. ಊಟದ ಬಿಡುವಿಗೂ ಏಳಲಿಲ್ಲ. ತಮ್ಮನ ಪುಟ, ಅದರಲ್ಲಿ ಒಂದು ಕಲೆಯೂ ಉಳಿಯಕೂಡದು.

ಬಲಗಡೆಯದರಲ್ಲಿ, ಮೋಡದ ಅಂಚಿಗೆ, ಎಡಗಡೆ ಇಲ್ಲದ ಒಂದು ಚುಕ್ಕಿ ಸಿಕ್ಕಿತು. ಸಿಕ್ಕಿಬಿದ್ದೆಯಾ ಕಳ್ಳ ಎಂದೆ. ಹತ್ತಿಯಿಂದ ಒರೆಸಿದೆ, ಹೋಗಲಿಲ್ಲ. ಹತ್ತಿಯನ್ನು ಒದ್ದೆ ಮಾಡಿ ಒರೆಸಿದೆ, ಆಗಲೂ ಹೋಗಲಿಲ್ಲ. ಇಲ್ಲೊಂದು ಮಾತು ಹೇಳಲೇಬೇಕು. ಧೂಳಿನ ಅಂಚು ಚೂಪಾಗಿರುತ್ತದೆ. ಈ ಚುಕ್ಕಿಯ ಅಂಚು ಅಕ್ಕಪಕ್ಕದ ನಕ್ಷತ್ರಗಳ ಹಾಗೆಯೇ ಮೆತ್ತಗಿತ್ತು, ದುಂಡಗಿತ್ತು. ಅದನ್ನು ನಾನು ನೋಡಿದೆ. ಕೈ ಒಂದು ಗಳಿಗೆ ನಿಂತಿತು. ಎಡಗಡೆ ಇಲ್ಲವಲ್ಲ, ಮತ್ತೇನು ಎಂದುಕೊಂಡು ಬ್ಲೇಡಿನ ತುದಿಯಿಂದ ಕೆರೆದು ತೆಗೆದೆ.

ಪ್ರೂಫು ನೋಡಲು ಗ್ರೀಸು ಹಚ್ಚುವವನನ್ನು ಯಾರು ಕರೆಯುತ್ತಾರೆ? ನಿರ್ದೇಶಕರ ಕಚೇರಿಯಲ್ಲೇ ಸಹಿಯಾಯಿತು. ಹೊಸ ನಕ್ಷತ್ರ ಎಂದು ತಮ್ಮ ಬರೆದಿದ್ದನ್ನು ಅವರು ನೆಗೆಟಿವ್ ನೋಡದೆಯೇ ಹೊಡೆದುಹಾಕಿದ್ದರಂತೆ: ದೊಡ್ಡ ಮಾತು ಬೇಡ, ಚಿತ್ರವೇ ಹೇಳಲಿ. ಹಾಗಾಗಿ ಪುಸ್ತಕದಲ್ಲಿ ಬಂದದ್ದು ಇಷ್ಟು: ಎರಡನ್ನೂ ಹೋಲಿಸಿದರೆ ಬದಲಾವಣೆ ತಾನಾಗಿ ಕಾಣುತ್ತದೆ. ಕೆಳಗೆ ಅವಳಿಜವಳಿಯಂಥ ಎರಡು ಚಿತ್ರ. ವೀಕ್ಷಣಾಲಯದ ಕ್ಯಾಂಟೀನಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. "ಏನಪ್ಪಾ, ಒಂಬತ್ತು ವರ್ಷ ಹೊತ್ತು ಹೆತ್ತಿದ್ದು ಇದೇನಾ?"

ಅವನು ಪುಸ್ತಕ ತಂದು ನನ್ನ ತಟ್ಟೆಯ ಪಕ್ಕ ಇಟ್ಟ. "ಅಕ್ಕ, ಇಲ್ಲೊಂದು ಚುಕ್ಕಿ ಇತ್ತು."

ತಟ್ಟೆ ಪಕ್ಕಕ್ಕೆ ಸರಿಸಿದೆ. "ನಾನೇ ತೆಗೆದೆ. ನೀನು ಮೊದಲೇ ಹೇಳ್ಬೇಕಿತ್ತು ತಾನೆ?"

ಹೇಳಬೇಕಿತ್ತಂತೆ! ಬಾಯಿ ಮುಚ್ಚಿಸಿದವಳು ನಾನು.

ಅವನು ಕೂಗಾಡಲಿಲ್ಲ. "ಹೋಗ್ಲಿ ಬಿಡು. ಈ ಸಲದ ಕೊನೇ ಚಿತ್ರ ಅದು. ಮೋಡ ಈಗ ಸೂರ್ಯನ ಕಡೆ ಸರಿದಿದೆ, ಯಾರಿಗೂ ಕಾಣಲ್ಲ. ಮೂರು ತಿಂಗಳಾದ್ಮೇಲೆ ಮತ್ತೆ ತೆಗೀತೀನಿ."

ಮೂರು ತಿಂಗಳಾಯಿತು. ಮೋಡ ಸೂರ್ಯನಿಂದ ಈಚೆಗೆ ಬಂದ ವಾರದಲ್ಲೇ ಬೇರೆ ದೇಶದವರು ಆ ಚುಕ್ಕಿಯನ್ನು ಕಂಡು ಜಗತ್ತಿಗೆಲ್ಲ ಸಾರಿದರು. ಪತ್ರಿಕೆಯಲ್ಲೂ ಬಂತು: ಹುಟ್ಟುತ್ತಿರುವ ನಕ್ಷತ್ರವೊಂದು ಮೋಡ ಸೀಳಿಕೊಂಡು ಬೆಳಗಿದೆ. ಅದನ್ನು ಮೊದಲು ನೋಡಿದವನು ನನ್ನ ತಮ್ಮ. ಅದಕ್ಕೆ ಇದ್ದ ಒಂದೇ ಸಾಕ್ಷಿ ಆ ನೆಗೆಟಿವ್, ಅದರ ಮೇಲೆ ನನ್ನ ಬ್ಲೇಡಿನ ಗೀರು.

ನಿರ್ದೇಶಕರು ಕೆಟ್ಟವರೇನಲ್ಲ. ನೆಗೆಟಿವ್ ಹಿಡಿದುಕೊಂಡು, ತಮ್ಮನನ್ನೂ ಕರೆದುಕೊಂಡು ಪ್ರೆಸ್ಸಿಗೇ ಬಂದರು. ಯಜಮಾನರ ಕೋಣೆಗೆ ನನ್ನನ್ನು ಕರೆಸಿದರು. ಬಾಗಿಲಲ್ಲಿ ಮಷೀನಿನವರೆಲ್ಲ ಕತ್ತು ಚಾಚಿಕೊಂಡು ನಿಂತಿದ್ದರು.

"ಇಲ್ಲಿ ಕೆರೆದ ಗುರುತಿದೆ," ಎಂದರು ನಿರ್ದೇಶಕರು. "ಇವರು ನಕ್ಷತ್ರ ಇತ್ತು ಅಂತಾರೆ. ಪೇಪರ್‌ನಲ್ಲಿ ಸುದ್ದಿ ನೋಡಿ ಈಗ ಇವರೇ ಕೆರ್ಕೊಂಡು ಬಂದಿದ್ದಾರೆ ಅಂತ ನಮ್ಮಲ್ಲಿ ಕೆಲವರು ಹೇಳ್ತಾರೆ. ಕೆರೆದವರು ನೀವಂತೆ. ನಿಮ್ಮ ಕಣ್ಣನ್ನ ನಾನು ನಂಬ್ತೀನಮ್ಮ. ನಕ್ಷತ್ರಗಳ ಥರಾನೇ ಇತ್ತು ಅಂತ ಬರೆದು ಸಹಿ ಹಾಕ್ಕೊಡಿ, ಇವರ ಹೆಸರಿಗೆ ನಾನು ಹೋರಾಡ್ತೀನಿ. ಏನಿತ್ತು ಅಲ್ಲಿ?"

ಯಜಮಾನರು ನಕ್ಕರು. "ಸಾರ್, ನಮ್ಮ ಹದ್ದಕ್ಕನ ಕೈಯಲ್ಲಿ ಇಪ್ಪತ್ತೆಂಟು ವರ್ಷದಲ್ಲಿ ಒಂದು ತಪ್ಪಾಗಿಲ್ಲ. ಕಸ ಅಲ್ಲದೆ ಇರೋದನ್ನ ಈಯಮ್ಮ ಮುಟ್ಟೋರೇ ಅಲ್ಲ. ಹೇಳಮ್ಮ."

ತಮ್ಮ ನನ್ನನ್ನೇ ನೋಡುತ್ತಿದ್ದ. ಉಗುರುಗಳ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು. ನನಗೆ ಆ ಮೆತ್ತಗಿನ ಅಂಚು ಕಣ್ಣಿಗೆ ಕಟ್ಟಿದ ಹಾಗಿತ್ತು. ಬಾಗಿಲಲ್ಲಿದ್ದವರ ಮುಖಗಳೂ ಕಾಣುತ್ತಿದ್ದವು.

"ಕಸ," ಎಂದೆ. "ಧೂಳು ಅಂಟಿಕೊಂಡಿತ್ತು. ತೆಗೆದೆ."

ಕೆಲಸ ಹೋಗುತ್ತಿತ್ತು, ಅದಕ್ಕೇ ಹಾಗಂದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಶುದ್ಧ ಸುಳ್ಳು. ಕೆಲಸದ ಮಾತು ಯಾರೂ ಎತ್ತಿರಲಿಲ್ಲ. ನಾಲ್ಕು ಜನರ ಮುಂದೆ ತಪ್ಪಾಯಿತು ಎನ್ನಲು ನಾಲಿಗೆ ಹೊರಳಲಿಲ್ಲ, ಅಷ್ಟೇ. ನಿರ್ದೇಶಕರು ನೆಗೆಟಿವ್ ಅನ್ನು ಲಕೋಟೆಗೆ ಹಾಕಿ ತಮ್ಮನ ಕೈಗೆ ಕೊಟ್ಟರು. ಮನೆಯಲ್ಲಿ ಅವನು ಆ ವಿಷಯ ಎತ್ತಲೇ ಇಲ್ಲ. ದೂರದರ್ಶಕಕ್ಕೆ ಬಟ್ಟೆ ಮುಚ್ಚಿ ಮತ್ತೆ ಮೂಲೆಗೆ ತಳ್ಳಿದನಂತೆ, ಅದೂ ಬೇರೆಯವರಿಂದ ಗೊತ್ತಾಯಿತು.

ಮೊನ್ನೆ ಮುಂದಿನ ಪುಸ್ತಕದ ರಕ್ಷಾಪುಟ ನನ್ನ ಮೇಜಿಗೆ ಬಂತು. ಅದೇ ನೀಹಾರಿಕೆ, ಆ ಹೊರದೇಶದವರು ತೆಗೆದದ್ದು. ಮೋಡದ ಅಂಚಿನ ಚುಕ್ಕಿಗೆ ಪೆನ್ಸಿಲಿನಲ್ಲಿ ಒಂದು ವೃತ್ತ.

"ಹದ್ದಕ್ಕ, ಸುತ್ತ ಎಲ್ಲಾ ಕ್ಲೀನ್ ಮಾಡಿ, ಅದೊಂದನ್ನ ಮಾತ್ರ ಮುಟ್ಬೇಡಿ," ಎಂದ ಫೋರ್‌ಮನ್. "ಅದೇ ಮುಖ್ಯವಂತೆ."

ಮುಟ್ಟಲಿಲ್ಲ. ಪ್ರೂಫಿನ ಒಂದು ಪ್ರತಿ ಮನೆಗೆ ಒಯ್ದೆ. ಬೈಯಲಿ, ಹರಿದು ಮುಖಕ್ಕೆ ಎಸೆಯಲಿ, ಏನಾದರೂ ಆಡಲಿ ಎಂದು ಅವನ ಮುಂದೆ ಹರವಿದೆ. ಅವನು ಕೈ ತೊಳೆದು, ಒರೆಸಿಕೊಂಡು, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ.

"ಸುತ್ತ ಒಂದು ಕಸಾನೂ ಇಲ್ಲ ಅಕ್ಕ," ಎಂದ. "ಚೆನ್ನಾಗಿ ತೆಗ್ದಿದ್ದೀಯ."

ಕುಟುಕುವ ದನಿಯೇ ಇರಲಿಲ್ಲ. ಇದ್ದಿದ್ದರೆ ಎದುರುಮಾತಾಡಿ ಜಗಳವಾದರೂ ಆಡುತ್ತಿದ್ದೆ.