ತೊಳೆಯುವ ದಿನ, ಜೇಬಿನಲ್ಲಿ ಕೈ

ಬೇಸಿಗೆಯಲ್ಲಿ ಚಿನ್ನದ ಗಣಿಗಳ ಊರಾದ ಡಾಸನ್‌ಗೆ ಬರುವವರು ಹಲಗೆ ಹಾಸಿದ ಕಾಲುದಾರಿಯಲ್ಲಿ ಅಡ್ಡಾಡಿ, ವಾಲಿದ ಹಳೆಯ ಮನೆಗಳ ಮುಂದೆ ಫೋಟೋ ತೆಗೆಸಿಕೊಂಡು, ಚಿನ್ನ ಸಿಕ್ಕೀತೆಂದು ಒಂದು ಬೋಗುಣಿ ಮರಳು ತೊಳೆದು ನಗುನಗುತ್ತಾ ಹೋಗುತ್ತಾರೆ. ರೋಡಾ ಅಂಥವಳಲ್ಲ. ಹುಟ್ಟಿದ್ದೇ ಇಲ್ಲಿ, ವೈಟ್‌ಹಾರ್ಸ್‌ನ ಶಾಲೆಯಲ್ಲಿ ಪಾಠ ಹೇಳಲು ಹೋಗಿ ಬಹಳ ವರ್ಷಗಳಾಗಿದ್ದವು, ಅಷ್ಟೆ. ಅದಕ್ಕೇ ತಮ್ಮ ಎಮೆಟ್ ಅವಳನ್ನು ತಾನು ದುಡಿಯುವ ಗಣಿಯ ಶೆಡ್ಡಿಗೆ, ಅದೂ ಚಿನ್ನ ತೊಳೆಯುವ ದಿನ, ಕರೆದೊಯ್ದಿದ್ದ. ಆ ದಿನ ಹೊರಗಿನವರನ್ನು ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಗಣಿ ಆಸ್ಕರ್ ಮತ್ತು ವಿಲ್ಮಾ ಎಂಬ ವಯಸ್ಸಾದ ದಂಪತಿಯದು. ಮಕ್ಕಳಿಲ್ಲ. ಈ ವರ್ಷ ಎಮೆಟ್‌ನನ್ನು ಪಾಲುದಾರನಾಗಿ ಸೇರಿಸಿಕೊಳ್ಳುವ ಮಾತು ನಡೆದಿತ್ತು. ಆದರೆ ಕೆಲಸ ಮುಗಿಯುವ ಮೊದಲೇ ಆಸ್ಕರ್, "ಅಕ್ಕನ್ನ ಊರಿಗೆ ಕರ್ಕೊಂಡೋಗು. ಇವತ್ತು ವಾಪಸ್ ಬರೋದೇನೂ ಬೇಡ" ಎಂದುಬಿಟ್ಟಿದ್ದ.

ಟ್ರಕ್ಕು ಗಣಿಯ ಕಲ್ಲುಗುಡ್ಡೆಗಳನ್ನು ದಾಟಿತು.

"ನನ್ನಿಂದ ಏನಾದ್ರೂ ತಪ್ಪಾಯ್ತೇನೋ?" ರೋಡಾ ಕೇಳಿದಳು.

"ಕೈ ಎಲ್ಲಿಟ್ಕೊಂಡಿದ್ದೆ ಅಕ್ಕ?"

"ಎಲ್ಲೂ ಇಟ್ಟಿಲ್ಲ ಕಣೋ. ಏನೂ ಮುಟ್ಟಬಾರ್ದು ಅಂತ ಜೇಬಲ್ಲಿ..."

ಆಗ ಅವಳಿಗೆ ಅರ್ಥವಾಯಿತು. ಮೇಜಿನ ತುಂಬ ಹೊಳೆಯುವ ಚಿನ್ನದ ಪುಡಿ, ಅದರ ಪಕ್ಕದಲ್ಲೇ ಜೇಬಿಗೆ ಹೋಗಿ ಬರುತ್ತಿದ್ದ ಅವಳ ಕೈ. ಹೊರಡುವಾಗ ಬಾಗಿಲ ಬಳಿಯ ಬಕೆಟ್ಟಿನಲ್ಲಿ ಕೈ ಅದ್ದಿ ತೊಳೆಯುವುದನ್ನೂ ಮರೆತಿದ್ದಳು. ಕೈಗಂಟಿದ ಪುಡಿ ಗಣಿಯಲ್ಲೇ ಉಳಿಯಲೆಂದು ಅಪ್ಪ ಇಬ್ಬರಿಗೂ ಚಿಕ್ಕಂದಿನಲ್ಲೇ ಹೇಳಿಕೊಟ್ಟ ನಿಯಮ ಅದು.

"ಟೂರಿಸ್ಟ್ ಆಗಿದ್ರೆ ಗೊತ್ತಿಲ್ಲ ಅಂತ ಬಿಟ್ಬಿಡ್ತಿದ್ರು," ಎಮೆಟ್ ಹೇಳಿದ. "ನಿಂಗೆ ಗೊತ್ತಿರತ್ತಲ್ಲ."

ರೋಡಾ ಅವನ ತೋಳು ಹಿಡಿದಳು. "ವಾಪಸ್ ತಿರುಗ್ಸು."

"ಈಗ ಹೋಗಿ ಜೇಬು ತೋರ್ಸಿದ್ರೆ, ನೀವು ನನ್ನ ಕಳ್ಳಿ ಅಂದ್ಕೊಂಡ್ರಿ ಅಂತ ಅವರ ಮುಖಕ್ಕೇ ಹೇಳ್ದಂಗಾಗತ್ತೆ."

"ಹೋಗ್ದಿದ್ರೆ?"

"ಅಂದ್ಕೊಂಡೇ ಇರ್ತಾರೆ."

ಸ್ವಲ್ಪ ದೂರ ಹೋದ ಮೇಲೆ ಅವನೇ ಟ್ರಕ್ಕು ತಿರುಗಿಸಿದ.

ವಿಲ್ಮಾ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ರಬ್ಬರ್ ಬೂಟು ಕಳಚುತ್ತಿದ್ದಳು. "ಏನಮ್ಮಾ, ಏನಾದ್ರೂ ಬಿಟ್ಟೋದ್ಯಾ?"

"ಕೈ ತೊಳೀದೆ ಹೋಗ್ಬಿಟ್ಟೆ" ಎಂದು ರೋಡಾ ಕೋಟು ಕಳಚಿ ಮುಂದೆ ಹಿಡಿದಳು. ಬರಿ ತೋಳಿಗೆ ಸೊಳ್ಳೆಗಳು ಮುತ್ತಿಕೊಂಡವು.

ಬೇಡ ಬಿಡು ಎನ್ನುತ್ತಾಳೆಂದು ಎಲ್ಲೋ ಒಂದು ಆಸೆಯಿತ್ತು. ವಿಲ್ಮಾ ಹಾಗೆನ್ನಲಿಲ್ಲ. ಕೋಟು ತೆಗೆದುಕೊಂಡು, ಬಕೆಟ್ಟಿನ ಮೇಲೆ ಎರಡೂ ಜೇಬುಗಳನ್ನು ಹೊರಕ್ಕೆ ತಿರುವಿ ನೀರೊಳಗೆ ಜಾಲಾಡಿದಳು. ಒಂದು ಸೀಮೆಸುಣ್ಣದ ತುಂಡು, ಕೆಮ್ಮಿನ ಗುಳಿಗೆ, ಒಂದಿಷ್ಟು ಹತ್ತಿಯ ಎಳೆಗಳು ಬಿದ್ದವು. ಗುಳಿಗೆಯನ್ನು ಆರಿಸಿ ರೋಡಾಳ ಕೈಗೆ ಕೊಟ್ಟಳು. ಆಮೇಲೆ ಬಕೆಟ್ಟಿನ ತಳದ ಗಸಿಯನ್ನು ಬೋಗುಣಿಗೆ ಬಗ್ಗಿಸಿ, ಅವಸರವಿಲ್ಲದೆ ತಿರುಗಿಸತೊಡಗಿದಳು. ಆಸ್ಕರ್ ಬಾಗಿಲಿಗೆ ಬಂದು ನಿಂತ. ಎಮೆಟ್ ಗುಡ್ಡದ ಕಡೆ ನೋಡುತ್ತಿದ್ದ.

ಬೋಗುಣಿಯ ಅಂಚಿನಲ್ಲಿ ತೆಳ್ಳಗೆ ಚಿನ್ನದ ಹಳದಿ ಗೆರೆ ಮೂಡಿತು.

ಮೇಜು ಮುಟ್ಟಿಲ್ಲ ಎಂದೇ ರೋಡಾ ಅಂದುಕೊಂಡಿದ್ದಳು. ಈಗ ಆಣೆ ಮಾಡು ಎಂದರೆ ಮಾಡಲಾಗುತ್ತಿರಲಿಲ್ಲ.

"ಎಲ್ಲರ ಕೈದೂ ಇದ್ರಲ್ಲೇ ಬಿದ್ದಿರತ್ತೆ," ವಿಲ್ಮಾ ಹೇಳಿದಳು. "ಯಾರ್ದು ಅಂತ ಹೇಳಕ್ಕಾಗಲ್ಲ."

ದನಿ ಮೆತ್ತಗಿತ್ತು. ಬೈದಿದ್ದರೆ ವಾಸಿಯಾಗಿತ್ತು.

ಆಸ್ಕರ್ ಬಾಗಿಲಲ್ಲಿ ಪಕ್ಕಕ್ಕೆ ಸರಿದ. "ಎಮೆಟ್, ಒಲೆ ಮೇಲಿರೋ ಚಿನ್ನ ಒಣಗಿರ್ಬೇಕು. ಬಾ, ಸೀಸೆಗೆ ತುಂಬೋಣ."

ಎಮೆಟ್ ಅಕ್ಕನ ಮುಖ ನೋಡದೆ ಒಳಗೆ ಹೋದ. ಅವನ ಪಾಲುದಾರಿಕೆ ಉಳಿದಿತ್ತು. ರೋಡಾಳಿಗೂ ಅದು ತಿಳಿಯಿತು. ವಿಲ್ಮಾ ಒದ್ದೆ ಕೋಟನ್ನು ಬಿಸಿಲಿಗೆ ಹರವಿ, "ಒಣಗೋವರ್ಗೂ ಇಲ್ಲೇ ಕೂತಿರಮ್ಮ, ಕಾಫಿ ತರ್ತೀನಿ" ಎಂದು ತಾನೂ ಒಳಗೆ ಹೋದಳು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು; ರೋಡಾ ಹೊರಗಿನವಳಂತೆ ಮೆಟ್ಟಿಲ ಬಳಿಯೇ ಉಳಿದಳು.