ಎಂಬತ್ತೊಂದು ಸೆಕೆಂಡು

ನನ್ನ ತಂಗಿಯನ್ನು ಮೈದಾನದಲ್ಲಿ ಎಲ್ಲರೂ ಪಟಾಕಿ ಅಂತಲೇ ಕರೆಯುತ್ತಿದ್ದರು. ಹೊಗಳಿಕೆ ಅಂದುಕೊಳ್ಳಬೇಡಿ. ಹತ್ತು ಸಾವಿರ ಮೀಟರ್ ಓಟವೆಂದರೆ ಇಪ್ಪತ್ತೈದು ಸುತ್ತು. ಒಂದು ಸುತ್ತನ್ನು ಎಪ್ಪತ್ತಾರು ಸೆಕೆಂಡಿನಲ್ಲಿ ಓಡಿ, ಅಯ್ಯೋ ಜೋರಾಯಿತು ಎಂದು ಮುಂದಿನದಕ್ಕೆ ಎಂಬತ್ತೇಳು ತೆಗೆದುಕೊಂಡು, ಅಯ್ಯೋ ಹಿಂದೆ ಬಿದ್ದೆ ಎಂದು ಮತ್ತೆ ಸಿಡಿಯುವವಳು ಅವಳು. ಹದಿನೆಂಟನೇ ಸುತ್ತಿಗೆ ಉಸಿರು ಖಾಲಿ. ಕಾಲಲ್ಲಿ ಕಸುವಿಗೆ ಕೊರತೆಯಿರಲಿಲ್ಲ, ಅದನ್ನು ಹಂಚಿಕೊಂಡು ಓಡುವ ತಾಳ್ಮೆ ಮಾತ್ರ ಇರಲಿಲ್ಲ.

ಈ ಸಲದ ಸ್ಪರ್ಧೆಯಲ್ಲಿ ವಿಷಯ ಸರಳವಾಗಿತ್ತು. ಮೂವತ್ತನಾಲ್ಕು ನಿಮಿಷದ ಒಳಗೆ ಬಂದರೆ ದೇಶದ ತಂಡದ ಶಿಬಿರ, ಬರದಿದ್ದರೆ ಕ್ಲಬ್ಬಿನವರು ಕೈಬಿಡುತ್ತಾರೆ. ಅವಳಿಗೂ ಇಪ್ಪತ್ತೊಂಬತ್ತು ತುಂಬಿತ್ತು. ಆಗದಿದ್ದರೆ ಬೂಟು ಬಿಚ್ಚಿಟ್ಟು ನಿನ್ನ ಜೊತೆ ಲಾಂಡ್ರಿಗೆ ಬಂದುಬಿಡುತ್ತೇನೆ ಎಂದು ನಗುತ್ತಾ ಹೇಳಿದ್ದಳು. ನನಗೆ ನಗು ಬರಲಿಲ್ಲ. ಹದಿನಾರು ವರ್ಷದಿಂದ ಹೋಟೆಲಿನ ಆ ಲಾಂಡ್ರಿಯ ಹಬೆಯಲ್ಲಿ ಬೇಯುತ್ತಿರುವವಳು ನಾನು. ಮನೆಯಿಂದ ಒಬ್ಬಳು ಬೆಂದರೆ ಸಾಕು ಎಂದು ಬೈದಿದ್ದೆ.

ಕೋಚ್ ಹಾಕಿಕೊಟ್ಟ ದಾರಿ ಒಂದೇ. ಪ್ರತಿ ಸುತ್ತಿಗೂ ಎಂಬತ್ತೊಂದು ಸೆಕೆಂಡು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಹಾಗೆ ಓಡಿದರೆ ಕೊನೆಗೆ ಹದಿನೈದು ಸೆಕೆಂಡು ಕೈಯಲ್ಲೇ ಉಳಿಯುತ್ತದೆ. ನಾನು ಬೇಲಿಯ ಹತ್ತಿರ ಸ್ಟಾಪ್‌ವಾಚ್ ಹಿಡಿದು ನಿಂತು, ಅವಳು ಎದುರಿಗೆ ಬಂದಾಗಲೆಲ್ಲ ಆ ಸುತ್ತಿನ ಸಮಯವನ್ನು ಕೂಗಿ ಹೇಳಬೇಕು. ಗೆರೆಯ ಪಕ್ಕದ ದೊಡ್ಡ ಗಡಿಯಾರದ ಕಡೆ ಅವಳು ಕಣ್ಣೆತ್ತಿಯೂ ನೋಡಕೂಡದು ಎಂದು ಕಟ್ಟಪ್ಪಣೆಯಾಗಿತ್ತು.

ಮೊದಲ ವಾರ ನಿಜವನ್ನೇ ಕೂಗಿದೆ. ಎಪ್ಪತ್ತೆಂಟು ಎಂದರೆ ಸಾಕು, ಬ್ರೇಕ್ ಹಾಕಿದ ಹಾಗೆ ನಿಧಾನವಾಗುವಳು. ಎಂಬತ್ತಾರು ಎಂದರೆ ಮೈಮೇಲೆ ಬಂದವಳಂತೆ ಓಡುವಳು. ಒಂದು ಸಂಜೆ ನನಗೂ ತಲೆ ಕೆಟ್ಟುಹೋಯಿತು. ವಾಚ್ ಎಪ್ಪತ್ತೆಂಟು ತೋರಿಸುತ್ತಿತ್ತು, ಬಾಯಿ ಎಂಬತ್ತೊಂದು ಎಂದಿತು. ಮುಂದಿನ ಸುತ್ತು ಎಂಬತ್ಮೂರು. ಅದಕ್ಕೂ ಎಂಬತ್ತೊಂದು ಎಂದೆ. ಅದರ ಮುಂದಿನದು ನಿಜವಾಗಿಯೂ ಎಂಬತ್ತೊಂದೇ ಆಯಿತು! ಸರಿಯಾಗಿ ಓಡುತ್ತಿದ್ದೇನೆ ಎಂದು ನಂಬಿದ ಕೂಡಲೇ ಹುಡುಗಿ ಸರಿಯಾಗಿ ಓಡುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಅವಳ ಸುತ್ತುಗಳು ಒಂದು ಸೆಕೆಂಡಿನ ಆಚೀಚೆ ಬಂದು ಕೂತವು. ಕೋಚ್ ನನ್ನ ಬೆನ್ನು ತಟ್ಟಿದರು. ಈಗ ತಲೆಯೊಳಗೆ ಗಲಾಟೆಯೇ ಇಲ್ಲ, ನಿನ್ನ ದನಿ ಕೇಳಿದರೆ ಸಾಕು ಎಂದು ಅವಳೂ ಹೇಳಿದಳು. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಸುಳ್ಳು ಹೇಳುತ್ತಿದ್ದೇನೆ ಎಂಬುದೇ ಮರೆತುಹೋಯಿತು.

ಸ್ಪರ್ಧೆಯ ದಿನ ಕೋಚ್ ಬೇರೆ ಮೈದಾನದಲ್ಲಿ ಗಂಡಸರ ಓಟ ನೋಡಿಕೊಳ್ಳುತ್ತಿದ್ದರು. ಇಲ್ಲಿ ನಾನೊಬ್ಬಳೇ. ಮೊದಲ ಹದಿನೈದು ಸುತ್ತು ಅಳೆದು ಕತ್ತರಿಸಿದ ಹಾಗೆ ಎಂಬತ್ತೊಂದು. ಹದಿನಾರರಲ್ಲಿ ಅವಳ ಮುಂದಿದ್ದ ಉದ್ದ ಜಡೆಯವಳು ನಿಧಾನವಾದಳು. ನಮ್ಮವಳು ಅವಳ ಬೆನ್ನಿಗೇ ಅಂಟಿಕೊಂಡು ಉಳಿದಳು. ವಾಚ್ ಎಂಬತ್ಮೂರು ತೋರಿಸಿತು. ನಿಜ ಹೇಳಿದರೆ ಎಲ್ಲಿ ಸಿಡಿದುಬಿಡುತ್ತಾಳೋ ಎಂದು ಹೆದರಿದೆ. ಹದಿನೈದು ಸೆಕೆಂಡು ಕೈಯಲ್ಲಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಎಂಬತ್ತೊಂದು ಎಂದು ಕೂಗಿದೆ. ಆಮೇಲೆ ಮತ್ತೆ ಎಂಬತ್ಮೂರು, ಎಂಬತ್ನಾಲ್ಕು. ಇಪ್ಪತ್ತೆರಡನೇ ಸುತ್ತಿಗೆ ಕೈಯಲ್ಲಿದ್ದ ಹದಿನೈದೂ ಕರಗಿಹೋಗಿತ್ತು.

ಅಷ್ಟು ಹೊತ್ತಿಗೆ ನನ್ನ ಹೆದರಿಕೆಯೇ ಬೇರೆಯಾಗಿತ್ತು. ಈಗ ಎಂಬತ್ನಾಲ್ಕು ಎಂದರೆ, ಹಾಗಾದರೆ ಇಷ್ಟು ಹೊತ್ತು ಕೂಗಿದ್ದೇನು ಎಂದು ಅವಳು ಕೇಳುತ್ತಾಳೆ. ಮೂರು ತಿಂಗಳಿಂದ ಕೂಗಿದ್ದೇನು ಎಂದು ಕೇಳುತ್ತಾಳೆ.

ಕೊನೆಯ ಸುತ್ತಿನ ಗಂಟೆ ಬಾರಿಸಿದರು. ಆ ಸುತ್ತನ್ನು ಎಪ್ಪತ್ತನಾಲ್ಕರ ಒಳಗೆ ಓಡಬೇಕಿತ್ತು. ಓಡಬಲ್ಲವಳೇ! ಅಭ್ಯಾಸದಲ್ಲಿ ಎಪ್ಪತ್ತೆರಡರಲ್ಲಿ ಓಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅವಳು ನನ್ನ ಕಡೆ ತಿರುಗಿ ನೋಡಿದಳು. ಮುಖದಲ್ಲಿ ದಣಿವೇ ಇರಲಿಲ್ಲ. ನನ್ನ ನಾಲಿಗೆಗೆ ಬೆಂಕಿ ಬೀಳ, ಎಂಬತ್ತೊಂದು ಎಂದೆ.

ಎರಡೂ ಕೈ ಮೇಲೆತ್ತಿಕೊಂಡು ಗೆರೆ ದಾಟಿದಳು. ಬೋರ್ಡಿನ ಮೇಲೆ ಮೂವತ್ತನಾಲ್ಕು ನಿಮಿಷ, ಮೂರು ಸೆಕೆಂಡು ಎಂದು ಬಂತು. ಅವಳು ಅದನ್ನು ನೋಡಿ ನಕ್ಕಳು. ನೇರ ಬೇಲಿಯ ಹತ್ತಿರ ಬಂದು ನನ್ನ ಕೈ ಹಿಡಿದು, ಸಮಯ ಬರೆದುಕೊಳ್ಳುವವರ ಮೇಜಿನ ಮುಂದೆ ನಿಲ್ಲಿಸಿದಳು. ಅಲ್ಲಿ ಕನ್ನಡಕದ ಹಿರಿಯರೊಬ್ಬರು ಕೂತಿದ್ದರು.

"ಬೋರ್ಡ್ ತಪ್ಪಾಗಿದೆ ಸರ್," ಎಂದಳು. "ನಮ್ಮಕ್ಕನ ಹತ್ರ ಇಪ್ಪತ್ತೈದು ಸುತ್ತಿನ ಟೈಮೂ ಇದೆ, ನೋಡಿ."

ನನ್ನ ಮುಂದೆ ಕೈ ಚಾಚಿದಳು. ವಾಚ್ ಕೈಜಾರಿ ಬಿತ್ತು ಎನ್ನಲೇ, ಬ್ಯಾಟರಿ ಹೋಯಿತು ಎನ್ನಲೇ ಎಂದು ಆಗಲೂ ಹುಡುಕಿದೆ. ನನ್ನಂಥವಳು ಇರಬಾರದು. ಏನೂ ಹೊಳೆಯದೆ ಕೊಟ್ಟೆ.

ಗುಂಡಿ ಒತ್ತುತ್ತಾ ಒಂದೊಂದೇ ಸುತ್ತನ್ನು ಹಿರಿಯರಿಗೆ ತೋರಿಸುತ್ತಾ ಹೋದಳು. ಹದಿನಾರಕ್ಕೆ ಬೆರಳು ನಿಂತಿತು. ಉಳಿದದ್ದನ್ನು ಅವರಿಗೆ ತೋರಿಸಲಿಲ್ಲ, ತಾನೊಬ್ಬಳೇ ನೋಡಿಕೊಂಡಳು. ನಮ್ಮದರಲ್ಲೂ ಅಷ್ಟೇ ಬಂದಿದೆ, ತಪ್ಪು ನಮ್ಮದೇ, ತೊಂದರೆ ಕೊಟ್ಟೆವು ಎಂದು ಹೇಳಿ ಹೊರಗೆ ಬಂದಳು.

"ನನಗೆ ಏದುಸಿರು ಕೂಡ ಬಂದಿರ್ಲಿಲ್ಲ ಅಕ್ಕ," ಎಂದಳು. "ಹೇಳಿದ್ರೆ ಓಡ್ತಿದ್ದೆ."

"ನೀನು ಹೆದರ್ಕೊಂಡುಬಿಡ್ತೀಯ ಅಂತ..."

"ಹೆದರಿದ್ದು ನಾನಲ್ಲ."

ಬಸ್ಸಿನಲ್ಲಿ ಪಕ್ಕದಲ್ಲೇ ಕೂತಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ವಾರ ಕ್ಲಬ್ಬಿನಿಂದ ಪತ್ರ ಬಂತು. ಅದರ ನಂತರದ ಸೋಮವಾರ ಬೆಳಿಗ್ಗೆ ಅವಳು ಕೂದಲು ಎತ್ತಿಕಟ್ಟಿಕೊಂಡು ನನ್ನ ಜೊತೆ ಲಾಂಡ್ರಿಗೆ ಹೊರಟಳು. ಮೇಲ್ವಿಚಾರಕಿ ಅವಳನ್ನು ನನ್ನ ಪಕ್ಕದ ಯಂತ್ರಕ್ಕೇ ಹಾಕಿದರು. ಅಂಗಿಯ ಕಾಲರನ್ನು ಹಬೆಯಲ್ಲಿ ಒತ್ತುವ ಕೆಲಸ. ಹೊತ್ತು ಕಡಿಮೆಯಾದರೆ ಸುಕ್ಕು ಉಳಿಯುತ್ತದೆ, ಹೆಚ್ಚಾದರೆ ಬಟ್ಟೆ ಕಂದುತ್ತದೆ. ಕಾಲರ್ ಹೇಗೆ ಹಾಸಬೇಕು, ಹಿಡಿ ಹೇಗೆ ಇಳಿಸಬೇಕು ಎಂದು ತೋರಿಸಿಕೊಟ್ಟೆ. ಗಮನವಿಟ್ಟು ನೋಡಿದಳು.

"ಎಷ್ಟು ಸೆಕೆಂಡು ಒತ್ತಬೇಕು?" ಎಂದು ಕೇಳಿದಳು.

"ಹನ್ನೆರಡು," ಎಂದೆ.

ಅವಳು ತಲೆಯಾಡಿಸಿದಳು. ಆಮೇಲೆ ನನ್ನನ್ನು ದಾಟಿ ಆ ಕಡೆಯ ಯಂತ್ರದ ಹೆಂಗಸಿನ ಹತ್ತಿರ ಹೋಗಿ, ಅದನ್ನೇ ಕೇಳಿಕೊಂಡು ಬಂದಳು.