ಎದೆಯ ಮೇಲಿನ ಸುಟಗಿ

"ಎದೆಯ ಮೇಲೆ ಇವೇನು ಗಾಯ?" ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದಾಗ ಜ್ಯೋತೆಪ್ಪ ತಟ್ಟನೆ ಅಂಗೈ ಅಡ್ಡ ಇಟ್ಟುಕೊಂಡ. ಮಿರಜಿನ ಆಸ್ಪತ್ರೆಯ ಮಂಚದ ಮೇಲೆ ಉಸಿರಾಡಲೂ ತ್ರಾಣವಿಲ್ಲದ ಮನುಷ್ಯ, ಹೆಂಡತಿಯ ಮಾನ ಕಾಯಲು ಹೊರಟಿದ್ದ!

"ನಾನs ಸುಟಗಿ ಹಾಕೇನ್ರಿ," ಎಂದಳು ರಾಯವ್ವ.

ಅವರ ಊರು ಖಂಡೇರಾಜುರಿಯಲ್ಲಿ ಕುರಿಗೆ ಕಾಲು ಹಿಡಿಯಲಿ, ಮನುಷ್ಯರಿಗೆ ಬೆನ್ನು ಹಿಡಿಯಲಿ, ಕಾದ ಕಬ್ಬಿಣದ ಬರೆ ಎಳೆಯಲು ರಾಯವ್ವನೇ ಬೇಕು. ಭಾನುವಾರ ಉಣ್ಣೆ ಕತ್ತರಿಸುತ್ತ ಕೂತಿದ್ದ ಗಂಡ ಎದೆ ಹಿಡಿದುಕೊಂಡು ಬೆವತಾಗ ಸೊಸೆ ಯೋಗಿತಾ, "ದವಾಖಾನಿಗೆ ಹೋಗೂಣು ಅತ್ತಿ," ಎಂದು ಬಡಕೊಂಡಳು. "ವಾಯು ಹಿಡದೈತಿ. ನಿನಗೇನ ತಿಳೀತೈತಿ, ಸುಮ್ಕಿರು!" ಎಂದು ಗದರಿಸಿ ರಾಯವ್ವ ಮೂರು ಬರೆ ಎಳೆದಳು. ಸಂಜೆಗೆ ನೋವು ಹೋಯಿತು. ಜ್ಯೋತೆಪ್ಪ ರೊಟ್ಟಿ ಉಂಡ. ರಾಯವ್ವ ಓಣಿ ತುಂಬ ಹೇಳಿಕೊಂಡು ಬಂದಳು. ಗುರುವಾರದ ಹೊತ್ತಿಗೆ ಅವನಿಗೆ ಮಲಗಿದರೆ ಉಸಿರು ಸಿಗದಾಯಿತು.

ಭಾನುವಾರ ಆದದ್ದು ಹೃದಯಾಘಾತ ಎಂದರು ಡಾಕ್ಟರು. ಅದರಿಂದ ಸತ್ತ ಮಾಂಸ ಹರಿದು, ಹೃದಯದ ನಡುಗೋಡೆಗೆ ತೂತು ಬಿದ್ದಿದೆ. ಅಪರೂಪಕ್ಕೆ ಹೀಗಾಗುತ್ತದೆ. ಅವತ್ತೇ ಬಂದಿದ್ದರೆ ಬಹುಶಃ ಗೋಡೆ ಉಳಿಯುತ್ತಿತ್ತು. ಈಗ ತೇಪೆ ಇಟ್ಟು ಹೊಲಿಯಬೇಕು, ಆದರೆ ಮಾಂಸ ಮೆತ್ತಗಾಗಿದೆ, ಹೊಲಿಗೆ ನಿಂತೀತೆಂಬ ಭರವಸೆ ಇಲ್ಲ. ಹೊಲಿಯದಿದ್ದರೆ ಮಾತ್ರ ಮನುಷ್ಯ ಉಳಿಯುವುದಿಲ್ಲ.

"ಹೊಲೀರಿ," ಎಂದಳು ರಾಯವ್ವ.

ಆಪರೇಶನ್ನಿಗೆ ಒಯ್ಯುವಾಗ ಅವಳು ಸ್ಟ್ರೆಚರ್ ಹಿಡಿದು ಜೊತೆಗೇ ನಡೆದಳು. "ಒಂದ ಸಲ ಬೈರಿ ನನಗ. ಸಾರಿಗೆ ಉಪ್ಪ ಕಡಿಮಿ ಆದ್ರ ಮನಿ ಹಾರಿ ಹೋಗೂವಂಗ ಬೈತಿದ್ರಿ."

"ನೋವು ಹೋಗಿತ್ತಲ್ಲs ಹುಚ್ಚಿ," ಜ್ಯೋತೆಪ್ಪ ಏದುಸಿರಿನ ನಡುವೆ ಅಂದ. "ನಿನ್ನ ಕೈಗುಣ ಅದು."

ಅಯ್ಯೋ, ಅದರ ಬದಲು ನಾಲ್ಕೇಟು ಹೊಡೆದಿದ್ದರೂ ಅವಳಿಗೆ ಹಗುರಾಗುತ್ತಿತ್ತು. ಬಾಗಿಲು ಮುಚ್ಚಿತು.

ಹೊತ್ತು ಮುಳುಗುವ ಮೊದಲೇ ಡಾಕ್ಟರು ಹೊರಗೆ ಬಂದರು. ಸೂಜಿ ಹಾಕಿದ ಕಡೆಯೆಲ್ಲ ಹರಿಯುತ್ತ ಹೋಯಿತಂತೆ. ಜ್ಯೋತೆಪ್ಪ ಉಳಿಯಲಿಲ್ಲ.

ರಾಯವ್ವನಿಗೆ ಅಳು ಬರಲಿಲ್ಲ. ಬೆಂಚಿನ ಮೇಲೆ ಕುಸಿದು, ಜೊತೆಗೆ ಬಂದಿದ್ದ ಸೊಸೆಯ ಕೈ ಹಿಡಿದು ಜಗ್ಗಿದಳು. "ಅವ್ರಂತೂ ಬೈಲಿಲ್ಲ. ನೀನರ ಬೈಯವಾ. ನೀ ಹೇಳಿದ್ದಿ, ನಾ ಕೇಳಲಿಲ್ಲ. ಬೈ!"

ಯೋಗಿತಾಳಿಗೆ ಸಿಟ್ಟಿರಲಿಲ್ಲವೆಂದಲ್ಲ. ಭಾನುವಾರದಿಂದ ಅದು ಗಂಟಲಲ್ಲೇ ಕೂತಿತ್ತು. ಅವಳು ಬಾಯಿ ತೆರೆದಳು. ಆಮೇಲೆ ಅತ್ತೆಯ ಪಕ್ಕದಲ್ಲಿ ಕೂತು, ಹೆಗಲಿಗೆ ಜಾರಿದ್ದ ಸೆರಗನ್ನು ಎತ್ತಿ ಅವಳ ತಲೆಯ ಮೇಲೆ ಹೊದಿಸಿದಳು.